ಲ್ಯೂರ್ ಕೆತ್ತೋಕೆ ಯಾವ ಮರ? ಬಾಲ್ಸಾ ಕೈಕೊಡ್ತು, ತೇಗ ಮಗುಚಿಕೊಳ್ತು

ಕೋಡಿಬಿದ್ದಕೆರೆ (ಬಂಗಾರಪೇಟೆ)

ಎಲ್ಲರಿಗೂ ನಮಸ್ಕಾರ. ಮೊದಲು ತಾತನ ಜೊತೆ ಬಿದಿರು ಗಳ, ಎರೆಹುಳ. ಈಗ ನಾಲ್ಕು ವರ್ಷದಿಂದ ರಾಡು, ರೀಲು, ಲ್ಯೂರ್ (ಮೀನನ್ನ ಮರುಳು ಮಾಡೋ ಹುಸಿಮೀನು). ನಾನು ಹೋಗೋದು ಕೊರಮೀನಿಗೆ ಮಾತ್ರ. ಕಾಟ್ಲಾ, ರೋಹು ಎಲ್ಲ ಹಿಟ್ಟಿನುಂಡೆ ಮೀನು, ಮರದ ಮೀನು ತೋರಿಸಿದ್ರೆ ತಿರುಗಿಯೂ ನೋಡಲ್ಲ.

ಅಂಗಡಿ ಲ್ಯೂರ್ ಒಂದಕ್ಕೆ ನಾನೂರು, ಐನೂರು ಕೊಡಬೇಕು. ಕೆರೆ ತುಂಬಿದ ಮೇಲೆ ಅಂಗಳದ ಜಾಲಿಗಿಡ ಎಲ್ಲ ನೀರೊಳಗೆ ನಿಂತಿರ್ತವೆ. ತಿಂಗಳಿಗೆ ಎರಡು ಲ್ಯೂರ್ ಆ ಮುಳ್ಳಿಗೆ ಅರ್ಪಣೆ. ಮನೇಲಿ ಲೆಕ್ಕ ಕೇಳೋಕೆ ಶುರುವಾದ ಮೇಲೆ ನಾನೇ ಕೆತ್ತೋಣ ಅಂತ ಕೂತೆ.

ಇಂಟರ್ನೆಟ್ಟಲ್ಲಿ ಎಲ್ಲಿ ನೋಡಿದ್ರೂ ಬಾಲ್ಸಾ, ಬಾಲ್ಸಾ. ವಿಮಾನದ ಮಾಡೆಲ್ ಮಾಡೋರಿಗೆ ಮಾರೋ ಕಡೆಯಿಂದ ತರಿಸಿ ಮೂರು ಮಾಡಿದೆ. ನೀರಲ್ಲಿ ಚೆನ್ನಾಗೇ ಓಡಿದವು. ಮೊದಲನೇ ಕೊರಮೀನು ಕಚ್ಚಿದ ಏಟಿಗೆ ಹೊಟ್ಟೆ ಹತ್ತಿರದ ತಿರುಪು ಕೊಂಡಿ ಬುಡಸಮೇತ ಕಿತ್ತು ಬಂತು. ಮೀನು ಬಾಯಲ್ಲಿ ಮೂರು ಮುಳ್ಳಿನ ಗಾಳ ಕಚ್ಚಿಕೊಂಡೇ ಹೋಯ್ತು. ಲ್ಯೂರ್ ಹೋಗಿದ್ದಕ್ಕಿಂತ ಅದು ಜಾಸ್ತಿ ಬೇಜಾರು.

ಅಟ್ಟದ ಮೇಲೆ ಬಾಗಿಲು ಮಾಡಿಸಿದಾಗ ಉಳಿದ ತೇಗದ ತುಂಡುಗಳಿದ್ದವು. ಅಪ್ಪ ಅದರಲ್ಲೇ ಮಾಡು ಅಂದ್ರು. ಗಟ್ಟಿಯೇನೋ ಹೌದು, ತೇಲುತ್ತೆ ಕೂಡ. ಆದ್ರೆ ಎಳೆದ್ರೆ ಅಲ್ಲಾಡಲ್ಲ, ಒಂದು ಪಕ್ಕಕ್ಕೆ ಮಗುಚಿಕೊಂಡು ಸತ್ತ ಮೀನಿನ ಥರ ಬರುತ್ತೆ. ನಮ್ಮ ಕಡೆ ಸಿಗೋ ಮರದಲ್ಲಿ ಯಾವುದು ಹಗುರ, ಯಾವುದು ತಡೆಯುತ್ತೆ, ಮಾಡಿ ನೋಡಿದವರು ಹೇಳಿ.

ಮುಳಬಾಗ್ಲುಹುಡ್ಗ

ಅಣ್ಣಾ, ನೂರೈವತ್ತು ರೂಪಾಯಿಗೆ ರಬ್ಬರ್ ಕಪ್ಪೆ ಸಿಗುತ್ತೆ. ನೀರಲ್ಲಿ ತೇಲೋ ಅಂತರಗಂಗೆ ಗಿಡದ ಮೇಲೂ ಜಾರಿಕೊಂಡು ಬರುತ್ತೆ, ಮುಳ್ಳಿಗೂ ಸಿಕ್ಕಲ್ಲ. ಮರ ಕೆತ್ತೋಕೆ ಹೋಗಿ ಬೆರಳು ಕೆತ್ತಿಕೊಳ್ಳೋದು ಯಾಕೆ?

ಕೋಡಿಬಿದ್ದಕೆರೆ

ಕಪ್ಪೆ ನನ್ನ ಹತ್ರಾನೂ ಇದೆ ತಮ್ಮಾ. ಬೆರಳು ಆಗಲೇ ಎರಡು ಸಲ ಕೆತ್ತಿಕೊಂಡಾಯ್ತು, ಇನ್ನು ಭಯ ಇಲ್ಲ.

ಉಳಿಬಾಚಿ (ಗುಬ್ಬಿ)

ನಮ್ಮದು ಮರಗೆಲಸದ ಮನೆ. ನಾನು ಓದಿ ಬೇರೆ ಕೆಲಸಕ್ಕೆ ಹೋದೆ, ಭಾನುವಾರ ಮಾತ್ರ ಉಳಿ ಹಿಡಿಯೋದು. ಲ್ಯೂರ್ ಮಾಡೋಕೆ ಹಿಡಿದು ಎಂಟು ವರ್ಷ ಆಯ್ತು, ಮಾರ್ಕೋನಹಳ್ಳಿ ಕಡೆ ಹೋಗ್ತಿರ್ತೀನಿ.

ಸ್ವಾಮಿ, ಯಾವ ಮರ ಅಂತ ಕೇಳೋಕೆ ಮುಂಚೆ ಯಾವ ತುಂಡು ಅಂತ ಕೇಳಬೇಕು. ಒಂದೇ ಹೆಬ್ಬೇವಿನ ದಿಮ್ಮಿಯಲ್ಲಿ ಹೊರಗಡೆ ತುಂಡು ಒಂಥರ, ನಡು ತಿರುಳು ಇನ್ನೊಂಥರ. ತುಂಡನ್ನ ಕಣ್ಣಿನ ಮಟ್ಟಕ್ಕೆ ಹಿಡಿದು ಎಳೆ ನೋಡಿ. ತಲೆಯಿಂದ ಬಾಲಕ್ಕೆ ನೇರ ಓಡಿರಬೇಕು. ಓರೆಯಾಗಿ ಓಡಿದ್ರೆ ಬಾಲದ ಹತ್ತಿರ ಸಣ್ಣ ಮಾಡುವಾಗಲೇ ಚಕ್ಕೆ ಏಳುತ್ತೆ. ಗಂಟಿದ್ರೆ ಒಲೆಗೆ ಹಾಕಿ, ಯಾಕಂದ್ರೆ ಗಂಟಿನ ಪಕ್ಕದ ಮರ ಒಂಥರ ಕುಗ್ಗುತ್ತೆ, ಗಂಟು ಇನ್ನೊಂಥರ. ಆರು ತಿಂಗಳಿಗೆ ಬಣ್ಣ ಬಿರುಕು.

ನನ್ನ ಓಟು ಸಿಲ್ವರ್ ಓಕ್‌ಗೆ. ಕಾಫಿ ತೋಟಕ್ಕೆ ಮಾತ್ರ ಅಂದ್ಕೋಬೇಡಿ, ನಮ್ಮ ಕಡೆ ಅಡಿಕೆ ತೋಟದ ಬೇಲಿಗೂ ಹಾಕಿದಾರೆ, ಸಾಮಿಲ್ಲಲ್ಲಿ ತುಂಡು ಕೇಳಿದ್ರೆ ಟೀ ಕಾಸಿಗೆ ಕೊಡ್ತಾರೆ. ತಿರುಪು ಹಿಡಿಯುತ್ತೆ, ಕೊರಮೀನು ಹಲ್ಲಿಗೆ ಬಗ್ಗಲ್ಲ. ಹೆಬ್ಬೇವು ಅದಕ್ಕಿಂತ ಹಗುರ, ಕೆತ್ತೋಕೂ ಸಲೀಸು. ಪ್ಲೈವುಡ್ಡಿಗೆ ಅಂತ ಈಗ ಎಲ್ಲಿ ನೋಡಿದ್ರೂ ಬೆಳೆದಿದಾರೆ. ನೀಲಗಿರಿ ಮುಟ್ಟಲೇಬೇಡಿ. ಕೋಲಾರದಲ್ಲಿ ಬಿಟ್ಟಿ ಸಿಗುತ್ತೆ ಅಂತ ಆಸೆ ಆಗಬಹುದು, ಒಣಗುವಾಗ ಹಗ್ಗದ ಥರ ತಿರುಚಿಕೊಳ್ಳುತ್ತೆ, ತೂಕಾನೂ ಕಲ್ಲು. ಹುಣಸೆ ಮಾಂಸ ಕೊಚ್ಚೋ ಕೊರಡಿಗೆ ಸರಿ, ಮೀನಿಗಲ್ಲ.

ಬಾಲ್ಸಾದಲ್ಲಿ ತಿರುಪು ಕೊಂಡಿ ಕಿತ್ತು ಬಂದಿದ್ದು ಮರದ ತಪ್ಪಲ್ಲ. ಬೆಣ್ಣೆಗೆ ಮೊಳೆ ಹೊಡೆದು ಗೋಡೆ ಗಡಿಯಾರ ನೇತುಹಾಕಿದಂಗಾಯ್ತು.

ಸಂಜೆಗಾಳ (ಚಿಕ್ಕಬಳ್ಳಾಪುರ)

ಉಳಿಬಾಚಿ ಅಣ್ಣ ಬಡಗಿ ಕಣ್ಣಲ್ಲಿ ಹೇಳಿದ್ರು, ನಾನು ತಕ್ಕಡಿ ಕಣ್ಣಲ್ಲಿ ಹೇಳ್ತೀನಿ. ತೇಗದ್ದು ಯಾಕೆ ಮಗುಚಿಕೊಳ್ತು ಅನ್ನೋದಕ್ಕೆ ಉತ್ತರ ಅಲ್ಲೇ ಇದೆ.

9 ಸೆಂ.ಮೀ. ಉದ್ದದ, ಮಾಮೂಲಿ ದಪ್ಪದ ಲ್ಯೂರ್ ಸುಮಾರು 18 ಸಿಸಿ ಜಾಗ ಹಿಡಿಯುತ್ತೆ ಅಂತಿಟ್ಟುಕೊಳ್ಳಿ. ಅಂದ್ರೆ ಎಲ್ಲ ಸೇರಿ 18 ಗ್ರಾಂ ಒಳಗಿದ್ರೆ ತೇಲುತ್ತೆ. ತೇಗ ನೀರಿನ ತೂಕದಲ್ಲಿ ನೂರಕ್ಕೆ ಅರವತ್ತೈದರಷ್ಟು ತೂಗುತ್ತೆ, ಬರೀ ಮೈಯೇ ಹನ್ನೆರಡು ಗ್ರಾಂ ಹತ್ರ ಬಂತು. ಎರಡು ಗಾಳ, ಗಾಳ ಸಿಕ್ಕಿಸೋ ಬಳೆ, ತಂತಿ, ಮುಂದಿನ ತುಟಿ (ಮೂತಿ ಕೆಳಗೆ ಚಾಚಿರೋ ಪಟ್ಟಿ), ಬಣ್ಣ, ಅಂಟು ಸೇರಿ ಇನ್ನೊಂದು ಆರು ಗ್ರಾಂ. ಕೋಟಾ ಮುಗೀತು. ಹೊಟ್ಟೆಗೆ ಸೀಸ ಇಡೋಕೆ ಜಾಗವೇ ಇಲ್ಲ. ತೂಕ ಮೈಯೆಲ್ಲ ಸಮವಾಗಿ ಹರಡಿಕೊಂಡಿದೆ, ಕೆಳಗೆ ಎಳೆಯೋದು ಏನೂ ಇಲ್ಲ. ಅದಕ್ಕೆ ಪಕ್ಕಕ್ಕೆ ಬಿತ್ತು.

ಬಾಲ್ಸಾ ಮೈ ಮೂರೂವರೆ ಗ್ರಾಂ ಮೇಲೆ ಹೋಗಲ್ಲ. ಆರು ಗ್ರಾಂ ಸೀಸ ಹೊಟ್ಟೆಯ ತಳದಲ್ಲಿ ಕೂರಿಸಿದ್ರೂ ತೇಲುತ್ತೆ. ಬೆನ್ನು ಹಗುರ, ಹೊಟ್ಟೆ ಭಾರ. ತುಟಿಗೆ ನೀರು ಬಡಿದಾಗ ಮೈ ಓಲಾಡುತ್ತೆ, ಸೀಸ ಅದನ್ನ ವಾಪಸ್ ಎಳೀತದೆ. ತಲೆಯಾಡಿಸೋ ಗೊಂಬೆ ಥರ. ಹಗುರ ಮರಕ್ಕೆ ಬೆಲೆ ಬಂದಿರೋದು ಇಷ್ಟಕ್ಕೇನೆ, ತೇಲೋದಕ್ಕಲ್ಲ. ತೇಲೋದು ಬಹುಪಾಲು ಮರ ತೇಲುತ್ತೆ.

ಮನೇಲೇ ಅಳೆಯೋ ದಾರಿ ಹೇಳ್ತೀನಿ. ಮರದಿಂದ 10 ಸೆಂ.ಮೀ. ಉದ್ದದ, ಉದ್ದಕ್ಕೂ ಒಂದೇ ದಪ್ಪದ ಕಡ್ಡಿ ಮಾಡಿ. ಅದು ಮಗುಚದೇ ನೆಟ್ಟಗೆ ನಿಲ್ಲೋವಷ್ಟು ಕಿರಿದಾದ ಬಾಟಲಿ ಅಥವಾ ಪೈಪಿಗೆ ನೀರು ತುಂಬಿ ಬಿಡಿ. ಎಷ್ಟು ಸೆಂ.ಮೀ. ಮುಳುಗ್ತೋ ಅಷ್ಟು ನೋಡಿಕೊಳ್ಳಿ, ನೀರು ಹೀರೋಕೆ ಮುಂಚೆ ಬೇಗ. ಬೂರುಗದ ಕಡ್ಡಿ ನನಗೆ ಮೂರೂವರೆಗೆ ನಿಂತಿತು, ಹೆಬ್ಬೇವು ನಾಲ್ಕೂವರೆ, ಸಿಲ್ವರ್ ಓಕ್ ಆರರ ಹತ್ರ. ನಾಲ್ಕಕ್ಕಿಂತ ಕಮ್ಮಿ ಮುಳುಗಿದ್ರೆ ಓಲಾಡೋ ಲ್ಯೂರ್ ಮಾಡಬಹುದು. ಐದು ದಾಟಿದ್ರೆ ತುಟಿ ಇಲ್ಲದ ಪೆನ್ಸಿಲ್ಲೋ ಪಾಪರ್ರೋ (ನೀರ ಮೇಲೆ ಜಗ್ಗಿ ಆಡಿಸೋ ಲ್ಯೂರ್‌ಗಳು) ಮಾಡಿ. ಅದನ್ನ ಓಡಿಸೋದು ನಿಮ್ಮ ಮಣಿಕಟ್ಟು, ಮರವಲ್ಲ. ತೂಕ ಇದ್ರೆ ದೂರಾನೂ ಹೋಗುತ್ತೆ.

ಅಂದಹಾಗೆ ಬಾಲ್ಸಾ ಅಂದ್ರೆ ಯಾವುದೋ ದೇವಲೋಕದ ಮರ ಅಲ್ಲ. ದಕ್ಷಿಣ ಅಮೆರಿಕದ್ದು, ನಮ್ಮ ಬೂರುಗದ ದಾಯಾದಿ. ಇಬ್ಬರದ್ದೂ ಒಂದೇ ಕುಟುಂಬ, ಎರಡರ ಕಾಯಲ್ಲೂ ಅರಳೆ.

ಉಳಿಬಾಚಿ

ಲೆಕ್ಕ ಒಪ್ಪಿದೆ. ಆದ್ರೆ ಬೂರುಗ ಕಡಿದು ವಾರ ಬಿಟ್ರೆ ಒಳಗೆ ನೀಲಿ ಕಪ್ಪು ಬೂಷ್ಟು ಹಿಡಿಯುತ್ತೆ. ನೀವು ತಂದಿದ್ದು ಎಲ್ಲಿಂದ?

ಸಂಜೆಗಾಳ

ಹಳೇ ಪ್ಯಾಕಿಂಗ್ ಪೆಟ್ಟಿಗೆ ಹಲಗೆ ಅಣ್ಣ. ಒಣಗಿ ಎಷ್ಟು ವರ್ಷ ಆಗಿತ್ತೋ ಏನೋ.

ಬೆಂಡುಬಿರಡೆ (ಮಧುಗಿರಿ)

ನಾನು ಮೇಷ್ಟ್ರಾಗಿದ್ದವನು, ಈಗ ನಿವೃತ್ತ. ನಿಮ್ಮ ಮಾತೆಲ್ಲ ಓದಿ ನಗು ಬಂತು. ಬಾಲ್ಸಾ ಹುಡುಕಿಕೊಂಡು ಇಂಟರ್ನೆಟ್ಟಿಗೆ ಹೋದಿರಿ, ಹೊಲದ ಬದುವಿನ ಮೇಲೆ ನಿಂತಿರೋದನ್ನ ಯಾರೂ ನೋಡಲಿಲ್ಲ.

ನಾವು ಈಜು ಕಲಿತಿದ್ದು ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿಕೊಂಡು. ಇದ್ದವರಿಗೆ ಸೋರೆ ಬುರುಡೆ. ಇಲ್ಲದವರಿಗೆ ಒಣಗಿದ ಕತ್ತಾಳೆ ಗಳದ ಎರಡು ತುಂಡು, ನಡುವೆ ಹಗ್ಗ. ಹತ್ತು ವರ್ಷದ ಹುಡುಗನನ್ನ ಅದು ಎತ್ತಿ ಹಿಡಿಯುತ್ತಿತ್ತು. ನಿಮ್ಮ ಗೇಣುದ್ದದ ಹುಸಿಮೀನನ್ನ ಎತ್ತಲ್ಲವೇ?

ಕತ್ತಾಳೆ ಒಂದೇ ಸಲ ಹೂಬಿಟ್ಟು ಸಾಯುವ ಗಿಡ. ಹತ್ತಾರು ವರ್ಷ ಎಲೆ ಬಿಟ್ಟುಕೊಂಡು ಕೂತು, ಕೊನೆಗೆ ಒಂದು ಉದ್ದನೆಯ ಗಳ ಎಬ್ಬಿಸುತ್ತೆ. ಹೂವಾದ ಮೇಲೆ ಗಳ ನಿಂತಲ್ಲೇ ಒಣಗುತ್ತೆ. ಒಣಗಿಸುವ ಕೆಲಸ ಬಿಸಿಲೇ ಮಾಡಿಕೊಟ್ಟಿರುತ್ತೆ. ಪಾವಗಡ, ಮಧುಗಿರಿ, ಶಿರಾ ಕಡೆ ಬದುಗಳ ಮೇಲೆ, ನಿಮ್ಮ ಬಂಗಾರಪೇಟೆಯಲ್ಲಿ ರೈಲು ಕಂಬಿ ಪಕ್ಕ ಬೇಕಾದಷ್ಟಿದೆ. ಹೊರಗೆ ಬಿದಿರಿನಂಥ ಗಟ್ಟಿ ಸಿಪ್ಪೆ, ಒಳಗೆ ಬಿಳಿ ಬೆಂಡು. ಬ್ಲೇಡಿಗೆ ಚೀಸಿನ ಹಾಗೆ ಬರುತ್ತೆ.

ಇನ್ನೊಂದು ಮಾತು. ಫಿನ್ಲೆಂಡಿನ ಲೌರಿ ರಪಾಲ ಅನ್ನೋ ಮೀನುಗಾರ 1936ರಲ್ಲಿ ತನ್ನ ಮೊದಲ ಲ್ಯೂರ್ ಕೆತ್ತಿದ್ದು ಬಾಲ್ಸಾದಲ್ಲಲ್ಲ, ಬಿರಡೆಯಲ್ಲಿ. ಸೀಸೆ ಬಾಯಿಗೆ ಹಾಕುವ ಬಿರಡೆಯ ಜಾತಿಯದ್ದೇ. ಹೊಳಪಿಗೆ ಚಾಕಲೇಟ್ ಸುತ್ತುವ ತಗಡುಕಾಗದ. ಮೇಲೆ ಬಳಿಯೋಕೆ ವಾರ್ನಿಷ್ ಸಿಗದೇ ಫೋಟೊ ನೆಗೆಟಿವ್ ಕರಗಿಸಿ ಹಚ್ಚಿದ. ಇವತ್ತು ನೀವು ಐನೂರು ಕೊಡುವ ಕಂಪನಿಯ ಹೆಸರು ಅವನದೇ. ಬಿರಡೆಗೆ ಕನ್ನಡದಲ್ಲಿ ಬೆಂಡು ಅಂತಲೂ ಹೇಳ್ತೀವಿ, ಗಾಳಕ್ಕೆ ಕಟ್ಟುವ ತೇಲುಗುಂಡಿಗೂ ಬೆಂಡೇ. ನಾವು ಜೋಳದ ದಂಟಿನ ಒಳತಿರುಳು ಕಟ್ಟುತ್ತಿದ್ದೆವು, ಶ್ರೀಮಂತರ ಮಕ್ಕಳು ನವಿಲುಗರಿ ಕಡ್ಡಿ.

ಹಸಿರುಗೊಬ್ಬರ (ಶಿರಾ)

ಮೇಷ್ಟ್ರೇ, ನಮಸ್ಕಾರ. ಒಂದು ಎಚ್ಚರಿಕೆ ಸೇರಿಸ್ತೀನಿ, ಹೊಲ ಮಾಡೋಳು ನಾನು. ಕತ್ತಾಳೆ ಗಳ ಪೂರ್ತಿ ಒಣಗಿ ಬೂದಿ ಬಣ್ಣಕ್ಕೆ ತಿರುಗಿದ್ದನ್ನೇ ಕಡೀರಿ. ಹಸಿ ಕತ್ತಾಳೆ ರಸ ಮೈಗೆ ಬಿದ್ರೆ ತುರಿಕೆ, ಬೊಬ್ಬೆ. ಕಣ್ಣಿಗೆ ಸಿಡಿದ್ರಂತೂ ಕೇಳೋದೇ ಬೇಡ. ನನ್ನ ತಮ್ಮ ಅರ್ಧ ಹಸಿ ಗಳ ಗರಗಸದಲ್ಲಿ ಕೊಯ್ದು ಮೂರು ದಿನ ಮುಂಗೈ ಕೆರೆದುಕೊಂಡು ಕೂತಿದ್ದ. ಒಣಗಿದ್ದನ್ನ ಉಜ್ಜುವಾಗಲೂ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಗಂಟಲಿಗೆ ಒಳ್ಳೇದಲ್ಲ. ಹಗುರ ಇದೆ ಅಂತ ಕಳ್ಳಿ, ಎಕ್ಕ, ಕಣಗಿಲೆ ಕಡ್ಡಿಗೆಲ್ಲ ಕೈ ಹಾಕಬೇಡಿ, ಅವುಗಳ ಹಾಲು, ರಸ ವಿಷ.

ಇನ್ನು ಹಾಲುವಾಣ ಯಾರೂ ಹೇಳಲಿಲ್ಲ. ವೀಳ್ಯದೆಲೆ ತೋಟದಲ್ಲಿ ಬಳ್ಳಿ ಹಬ್ಬಿಸೋಕೆ ನೆಡ್ತೀವಲ್ಲ, ಕೆಂಪು ಹೂ ಬಿಡೋದು, ಮೈಮೇಲೆ ಮುಳ್ಳು. ಬೂರುಗಕ್ಕಿಂತ ಹಗುರ. ಹದಿನೈದು ಇಪ್ಪತ್ತು ವರ್ಷದ ಹಿಂದೆ ಎಲೆಗಂಟು ಮಾಡೋ ಸಣ್ಣ ಕಣಜ ಬಂದು ಹಾಲುವಾಣಗಳನ್ನ ಸೊರಗಿಸಿಬಿಡ್ತು, ಈಗ ಮೊದಲಿನಷ್ಟಿಲ್ಲ. ಆದ್ರೂ ಹಳೇ ತೋಟದಲ್ಲಿ ಕೇಳಿದ್ರೆ ಒಂದು ಕೊಂಬೆ ಕೊಡ್ತಾರೆ.

ಹಾಲುವಾಣ, ಬೂರುಗ ಎರಡಕ್ಕೂ ಕುಟ್ಟೆ ಹುಳ ಬೇಗ ಬೀಳುತ್ತೆ, ಮರದೊಳಗಿನ ಗಂಜಿ ಅಂಶದ ಆಸೆಗೆ. ನಮ್ಮ ಮಾವ ಮೆತ್ತಗಿನ ಮರವನ್ನ ಕಡಿದ ತಕ್ಷಣ ಕೆರೆ ನೀರಲ್ಲಿ ಕಲ್ಲು ಹೇರಿ ಮುಳುಗಿಸಿಡ್ತಿದ್ರು, ತಿಂಗಳಾದ ಮೇಲೆ ಎತ್ತಿ ನೆರಳಲ್ಲಿ ಒಣಗಿಸೋದು. ಬಿದಿರಿಗೂ ಅದೇ ಉಪಾಯ. ನೀವು ಬೇಕಾದ್ರೆ ಬಕೆಟ್ಟಲ್ಲೇ ಮಾಡಿ, ನೀರು ಆಗಾಗ ಬದಲಾಯಿಸಿ, ಇಲ್ದಿದ್ರೆ ಮನೆಯೆಲ್ಲ ನಾತ.

ತಿಪ್ಟೂರ್‌ಕೊಬ್ರಿ

ನಮ್ಮೂರಿನ ಮಾನ ಉಳಿಸೋಕೆ ತೆಂಗಿನ ಮರದಲ್ಲಿ ಮಾಡೋಕೆ ಹೋದೆ. ಕಥೆ ಕೇಳಿ.

ಬಿದ್ದ ಮರ ಇತ್ತು. ಹೊರಗಡೆ ಮೂರು ಬೆರಳು ಕಬ್ಬಿಣ. ಗರಗಸದ ಹಲ್ಲು ಹೋಯ್ತು, ನೀರಿಗೆ ಹಾಕಿದ್ರೆ ಕಣ್ಣು ಮಾತ್ರ ಮೇಲಿಟ್ಟುಕೊಂಡು ನೋಡುತ್ತೆ. ಸರಿ ಅಂತ ನಡುವಿನ ಮೆತ್ತಗಿನ ಭಾಗ ತಗೊಂಡೆ. ಹಗುರ ಅಂದ್ರೆ ಹಗುರ. ಕೆತ್ತಿದ್ರೆ ನಾರು ನಾರು, ಹಲ್ಲುಜ್ಜೋ ಬ್ರಷ್ ಥರ ಎದ್ದು ನಿಲ್ಲುತ್ತೆ. ಉಪ್ಪುಕಾಗದ ಹಾಕಿದಷ್ಟೂ ಕೂದಲು ಬೆಳೆಯುತ್ತೆ. ಎರಡು ಕೋಟ್ ಬಣ್ಣ ಹೊಡೆದು ಕೆರೆಗೆ ತಗೊಂಡು ಹೋದೆ. ಹತ್ತನೇ ಎಸೆತಕ್ಕೆ ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಂಡು ಮುಳುಗಿ ಹೋಯ್ತು, ಗಾಳ ಸಮೇತ.

ಕೊಬ್ಬರಿ ತಿನ್ನೋಣ, ಚಿಪ್ಪಿನಲ್ಲಿ ಸೌಟು ಮಾಡೋಣ. ಲ್ಯೂರ್ ಬೇಡ.

ನರಸಾಪುರಶಿಫ್ಟ್

ಕೋಲಾರದ ಅಣ್ಣನಿಗೆ. ನಾನು ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡೋದು. ಹೊರದೇಶದಿಂದ ಮಿಷನ್ ಬರೋ ಪೆಟ್ಟಿಗೆ ಎಲ್ಲ ಪೈನ್ ಮರ. ಗುಜರಿಯವರು ಕೆಜಿ ಲೆಕ್ಕದಲ್ಲಿ ಮಾರ್ತಾರೆ. ನೇರ ಎಳೆ, ಚೆನ್ನಾಗಿ ಒಣಗಿರುತ್ತೆ. ಆದ್ರೆ ಹಲಗೆ ಮೇಲಿನ ಮುದ್ರೆ ನೋಡಿ. ಎಚ್‌ಟಿ ಅಂತಿದ್ರೆ ಬಿಸಿ ಮಾಡಿ ಹುಳ ಸಾಯಿಸಿದ್ದು, ಮರದ ನಡುಭಾಗ 56 ಡಿಗ್ರಿಯಲ್ಲಿ ಅರ್ಧ ಗಂಟೆ ಇರಬೇಕು ಅನ್ನೋದು ನಿಯಮ. ಎಂಬಿ ಅಂತಿದ್ರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಅದನ್ನ ಕೊಯ್ದು ಉಜ್ಜೋಕೆ ಹೋಗಬೇಡಿ. ಎಣ್ಣೆ ಕಲೆ ಇರೋ ಹಲಗೆಯೂ ಬೇಡ, ಬಣ್ಣ ಹಿಡಿಯಲ್ಲ.

ಉಳಿಬಾಚಿ

ಪೈನ್ ಒಳ್ಳೇ ಮರ, ಒಂದೇ ತೊಂದರೆ ರಾಳ. ಗಂಟಿನ ಸುತ್ತ ಅಂಟಂಟಾಗಿ ಇರುತ್ತಲ್ಲ, ಬಿಸಿಲಲ್ಲಿ ಡಬ್ಬಿಯೊಳಗೆ ಇಟ್ರೆ ಬಣ್ಣದ ಕೆಳಗಿಂದ ಉಕ್ಕಿ ಬರುತ್ತೆ. ಗಂಟಿಲ್ಲದ ಕಡೆ ಕೊಯ್ಕೊಳ್ಳಿ.

ಮೇಷ್ಟ್ರ ಕತ್ತಾಳೆ ಬಗ್ಗೆ ಮಾತ್ರ ನನಗೆ ಅನುಮಾನ. ಬೆಂಡು ಈಜೋಕೆ ಸರಿ. ಎರಡು ಕೆಜಿ ಕೊರಮೀನು ತಲೆ ಒದರಿದ್ರೆ ಬೆಂಡು ತಡೆಯುತ್ತಾ? ಬಾಲ್ಸಾದಲ್ಲಿ ಆಗಿದ್ದೇ ಆಗುತ್ತೆ.

ಸಂಜೆಗಾಳ

ತಡೆಯೋದು ಮರ ಆಗಬಾರದು ಅಣ್ಣ, ತಂತಿ ಆಗಬೇಕು. ಹೊಟ್ಟೆ ಕಡೆಯಿಂದ ಉದ್ದಕ್ಕೂ ಗರಗಸದಲ್ಲಿ ಒಂದು ಸೀಳು ಹಾಕಿ. ಒಂದು ಮಿಲಿಮೀಟರ್ ದಪ್ಪದ ಸ್ಟೀಲ್ ತಂತಿ ತಗೊಂಡು ಮೂತಿಯಲ್ಲಿ ಒಂದು ಕೊಂಡಿ, ಹೊಟ್ಟೆಯಲ್ಲಿ ಒಂದು, ಬಾಲದಲ್ಲಿ ಒಂದು ಬರೋ ಹಾಗೆ ಒಂದೇ ತಂತಿಯನ್ನ ಬಗ್ಗಿಸಿ ಸೀಳಿನೊಳಗೆ ಕೂರಿಸಿ. ಸೀಸದ ಗುಂಡೂ ಅಲ್ಲೇ. ಮೇಲೆ ಅರಾಲ್ಡೈಟಿಗೆ (ಎರಡು ಟ್ಯೂಬ್ ಬೆರೆಸೋ ಎಪಾಕ್ಸಿ ಅಂಟು) ಅದೇ ಮರದ ಹೊಟ್ಟು ಕಲಸಿ ತುಂಬಿ. ಆಮೇಲೆ ಮೀನು ಎಳೆಯೋದು ತಂತಿಯನ್ನ, ದಾರ ಎಳೆಯೋದೂ ಅದೇ ತಂತಿಯನ್ನ. ಮರ ಬರೀ ಅಂಗಿ.

ತಿರುಪು ಕೊಂಡಿ ಹಾಕೋದಾದ್ರೆ ಸಿಲ್ವರ್ ಓಕ್ ಬೇಕೇ ಬೇಕು, ಅದು ಒಪ್ತೀನಿ.

ಮುಳಬಾಗ್ಲುಹುಡ್ಗ

ಸೀಸ ಎಲ್ಲಿಂದ ತರ್ತೀರಾ?

ಸಂಜೆಗಾಳ

ಬಲೆಗೆ ಕಟ್ಟೋ ಸೀಸದ ಗುಂಡು. ಸುತ್ತಿಗೇಲಿ ಬಡಿದು ಬೇಕಾದ ಆಕಾರ ಮಾಡ್ಕೋ, ಕೈ ತೊಳೆದುಕೊ. ಕಾಯಿಸಿ ಸುರಿಯೋ ವಿಡಿಯೋ ನೋಡಿ ಆಸೆಪಡಬೇಡ ತಮ್ಮಾ. ಮರದಲ್ಲಿ ಸ್ವಲ್ಪ ತೇವ ಇದ್ರೂ ಕರಗಿದ ಸೀಸ ಮುಖಕ್ಕೆ ಹಾರುತ್ತೆ, ಹೊಗೆಯೂ ವಿಷ.

ಕೋಡಿಬಿದ್ದಕೆರೆ

ಮೂರು ವಾರ ಆಯ್ತು, ವರದಿ ಒಪ್ಪಿಸ್ತಿದೀನಿ. ಆರು ಮಾಡಿದೆ: ಕತ್ತಾಳೆಯಲ್ಲಿ ಎರಡು, ಹೆಬ್ಬೇವಲ್ಲಿ ಎರಡು, ಪೈನ್ ಒಂದು, ಸಿಲ್ವರ್ ಓಕ್ ಒಂದು. ಹಾಲುವಾಣ ಸಿಕ್ಕಿದೆ, ಬಕೆಟ್ಟಲ್ಲಿ ನೆನೀತಿದೆ. ಅಕ್ಕ ಹೇಳಿದ ನಾತ ನಿಜ. ಬಕೆಟ್ಟು ಈಗ ದನದ ಕೊಟ್ಟಿಗೆ ಹಿಂದಕ್ಕೆ ವರ್ಗಾವಣೆ ಆಗಿದೆ.

ಬಾಟಲಿ ಪರೀಕ್ಷೆ ಮಾಡಿದೆ. ಕತ್ತಾಳೆಯ ಒಳ ಬೆಂಡು ಎರಡರ ಹತ್ರ ನಿಂತಿತು! ಆದ್ರೆ ಅದೇ ಗಳದ ಬುಡದ ತುಂಡು ಮೂರಕ್ಕೆ ಹೋಯ್ತು. ಉಳಿಬಾಚಿ ಅಣ್ಣ ಹೇಳಿದ್ದು ಇದಕ್ಕೂ ಸರಿ, ಮರದ ಹೆಸರಿಗಿಂತ ತುಂಡು.

ಕತ್ತಾಳೆಯಲ್ಲಿ ಮೊದಲನೇದು ಹಾಳು ಮಾಡಿದೆ. ಉಪ್ಪುಕಾಗದ ಹಾಕಿದ್ರೆ ಮೆತ್ತಗಿನ ತಿರುಳು ಸವೆದು ನಾರು ಮಾತ್ರ ಉಳೀತು, ತಿಪಟೂರಿನವರ ತೆಂಗಿನ ಥರಾನೇ. ಎರಡನೇದಕ್ಕೆ ಹೊಸ ಬ್ಲೇಡಲ್ಲಿ ಪೂರ್ತಿ ಆಕಾರ ಬರೋತನಕ ಕೆತ್ತಿ, ಉಜ್ಜೋಕೆ ಮುಂಚೆ ವಾರ್ನಿಷ್‌ಗೆ ಸಮ ಥಿನ್ನರ್ ಬೆರೆಸಿ ಕುಡಿಸಿದೆ. ಒಂದು ದಿನ ಒಣಗಿಸಿ ಆಮೇಲೆ ಉಜ್ಜಿದ್ರೆ ನಾರು ಗಟ್ಟಿಯಾಗಿ ನಿಂತು ನುಣುಪು ಬಂತು. ತಂತಿ ಉದ್ದಕ್ಕೂ ಹಾಕಿದೀನಿ. ಟಬ್ಬಲ್ಲಿ ಎಳೆದ್ರೆ ನಾಯಿಮರಿ ಬಾಲ ಆಡಿಸಿದಂಗೆ ಆಡುತ್ತೆ. ಹೆಂಡ್ತಿ ಬಂದು ನೋಡಿ, ಬಟ್ಟೆ ನೆನೆಸೋ ಟಬ್ ಬಿಡ್ರಿ ಅಂದ್ಳು.

ಸಮಸ್ಯೆ ಹೆಬ್ಬೇವಿಂದು. ಎರಡು ಸಲ ಕೆರೆಗೆ ಹೋಗಿ ಬರೋದ್ರೊಳಗೆ ತುಟಿ ಕೂರಿಸಿದ ಜಾಗದಲ್ಲಿ ಬಣ್ಣ ಬಿರುಕು ಬಿಟ್ಟಿದೆ. ಮೇಲೆ ಮೂರು ಕೋಟ್ ಹೊಡೆದಿದ್ದೆ. ಮರ ಸರಿಯಿಲ್ವಾ?

ಉಳಿಬಾಚಿ

ಮರ ಸರಿಯಾಗಿದೆ, ನೀರು ಹೋದ ದಾರಿ ನೋಡಿ. ನೀವು ತುಟಿಗೆ ಸೀಳು ಹಾಕಿದ್ದು ಬಣ್ಣ ಆದ ಮೇಲಾ?

ಕೋಡಿಬಿದ್ದಕೆರೆ

ಹೌದು. ಅಳತೆ ತಪ್ಪಬಾರದು ಅಂತ ಕೊನೆಗೆ ಹಾಕಿದೆ.

ಉಳಿಬಾಚಿ

ಅಲ್ಲೇ ಸಿಕ್ಕಿಬಿದ್ರಿ. ಮೇಲೆ ಎಷ್ಟು ಕೋಟ್ ಹೊಡೆದ್ರೇನು, ಸೀಳಿನ ಒಳಗಡೆ ಮರ ಬೆತ್ತಲೆ. ನೀರು ಅಲ್ಲಿಂದ ಹೋಗಿ ಎಳೆಗುಂಟ ನುಗ್ಗಿ ಮರ ಉಬ್ಬುತ್ತೆ, ಬಣ್ಣ ಉಬ್ಬಲ್ಲ, ಒಡೆಯುತ್ತೆ. ಎಲ್ಲ ಸೀಳು, ಎಲ್ಲ ತೂತು ಮೊದಲು. ಆಮೇಲೆ ತೆಳ್ಳಗೆ ಮಾಡಿದ ವಾರ್ನಿಷ್‌ನಲ್ಲಿ ಇಡೀ ಮೈ ಅದ್ದಿ ನೇತುಹಾಕಿ, ತೂತಿನೊಳಗೂ ಹೋಗಲಿ. ಎರಡು ಸಲ. ಮರದ ಕೊನೆ, ಅಂದ್ರೆ ಮೂತಿ ಮತ್ತು ಬಾಲ, ಹೊಟ್ಟೆ ಬೆನ್ನಿಗಿಂತ ಜಾಸ್ತಿ ಕುಡಿಯುತ್ತೆ. ಅಲ್ಲಿಗೆ ಇನ್ನೊಂದು ಸಲ. ಆಮೇಲೆ ಬಣ್ಣ.

ಹಳಬರು ಅಗಸೆ ಎಣ್ಣೆ ಕುಡಿಸ್ತಿದ್ರು. ನೇಗಿಲಿಗೆ, ಬಾಗಿಲಿಗೆ ಸರಿ. ಲ್ಯೂರಿಗೆ ಬೇಡ ಅಂತೀನಿ. ವಾರಗಟ್ಟಲೆ ಒಣಗಲ್ಲ, ಮೇಲೆ ಎಪಾಕ್ಸಿ ಹಿಡಿಯಲ್ಲ.

ಸಂಜೆಗಾಳ

ಕೊನೇ ಎಪಾಕ್ಸಿ ಕೋಟ್ ಬೆಳಗ್ಗೆ ಹಾಕಬೇಡಿ, ಸಂಜೆ ಹಾಕಿ. ಬಿಸಿಲೇರ್ತಾ ಇದ್ರೆ ಮರದೊಳಗಿನ ಗಾಳಿ ಹಿಗ್ಗಿ ಆಚೆ ಬರುತ್ತೆ, ಮೇಲೆಲ್ಲ ಗುಳ್ಳೆ. ಸಂಜೆ ತಣ್ಣಗಾಗುವಾಗ ಗಾಳಿ ಒಳಗೆ ಕುಗ್ಗುತ್ತೆ, ಗುಳ್ಳೆ ಬರಲ್ಲ. ಹಾಕಿದ ಮೇಲೆ ಐದೈದು ನಿಮಿಷಕ್ಕೆ ತಲೆಕೆಳಗು ಮಾಡ್ತಾ ಇರಿ, ಇಲ್ದಿದ್ರೆ ಇಳಿದು ಬಾಲದಲ್ಲಿ ಹನಿ ಕಟ್ಟುತ್ತೆ. ನಾನು ಧಾರಾವಾಹಿ ನೋಡ್ತಾ ತಿರುಗಿಸ್ತೀನಿ. ಜಾಹೀರಾತು ಬಂದಾಗಲೆಲ್ಲ ಒಂದು ಸುತ್ತು.

ಹಸಿರುಗೊಬ್ಬರ

ಚನ್ನಪಟ್ಟಣದ ಗೊಂಬೆ ಮಾಡೋ ಆಲೆ ಮರ ಹೇಗೆ? ನಮ್ಮ ಬೇಲಿಯಲ್ಲಿ ಎರಡಿದೆ. ಬಿಳೀ ಬಣ್ಣ, ಎಳೆಯೇ ಕಾಣಲ್ಲ, ಅಷ್ಟು ನುಣುಪು.

ಉಳಿಬಾಚಿ

ಕೆತ್ತೋಕೆ, ಕಡೆಯೋಕೆ ಅದರ ಮುಂದೆ ಇನ್ನೊಂದಿಲ್ಲ ಅಕ್ಕ. ಹಗುರ ಅಲ್ಲ, ಹಾಗಾಗಿ ಪಾಪರ್‌ಗೆ. ನಾನು ಒಂದು ಮಾಡಿ ಗೊಂಬೆಯವರ ಹಾಗೇ ಅರಗು ಹಚ್ಚಿದ್ದೆ, ಲೇತಿನಲ್ಲಿ ತಿರುಗ್ತಿರುವಾಗ ಅರಗಿನ ಕಡ್ಡಿ ಒತ್ತಿದ್ರೆ ಬಿಸಿಗೆ ಕರಗಿ ಕೂರುತ್ತಲ್ಲ, ಹಾಗೆ. ಏನು ಹೊಳಪು ಅಂತೀರಿ! ಮದುವೆ ಮನೆಗೆ ಹಾಕಿಕೊಂಡು ಹೋಗಬೇಕು ಅನ್ನಿಸೋ ಥರ ಇತ್ತು. ಅರ್ಧ ದಿನ ನೀರಲ್ಲಿದ್ದ ಮೇಲೆ ಅರಗು ಬೆಳ್ಳಗೆ ಮಂಕಾಯ್ತು. ಅರಗಿಗೂ ನೀರಿಗೂ ಆಗಿಬರಲ್ಲ. ಆ ಪಾಪರ್ ಈಗ ಮಗಳ ಆಟದ ಸಾಮಾನು, ಗಾಳ ತೆಗೆದು ಕೊಟ್ಟಿದೀನಿ.

ಬೆಂಡುಬಿರಡೆ

ಅತ್ತಿ ಮರ ಯಾರಾದರೂ ಪ್ರಯತ್ನಿಸಿದ್ದೀರಾ? ಅದೂ ಮೆತ್ತಗಿನ ಮರ. ನೀರೊಳಗೆ ಇದ್ದಷ್ಟು ದಿನ ಕೊಳೆಯಲ್ಲ ಅಂತ ಬಾವಿ ಕಟ್ಟುವಾಗ ತಳಕ್ಕೆ ಅತ್ತಿಯ ಚೌಕಟ್ಟು ಇಡುತ್ತಿದ್ದರು. ನನಗೂ ಕೆತ್ತಿ ನೋಡುವ ಆಸೆ. ಆದರೆ ದತ್ತಾತ್ರೇಯನ ಮರ ಅಂತ ಮನೆಯವರು ಕೊಂಬೆ ಮುಟ್ಟಲು ಬಿಡರು. ಸಮಿತ್ತಿಗೆ ಕಡಿಯಬಹುದಂತೆ, ಮೀನು ಹಿಡಿಯೋಕೆ ಕಡಿದರೆ ಪಾಪವಂತೆ.

ತಿಪ್ಟೂರ್‌ಕೊಬ್ರಿ

ಮೇಷ್ಟ್ರೇ, ಗಾಳಿಗೆ ಬಿದ್ದ ಕೊಂಬೆಗೆ ಪಾಪ ಅರ್ಧ.

ನರಸಾಪುರಶಿಫ್ಟ್

ಒಂದು ಮಾತು, ಲ್ಯೂರ್ ಚೆನ್ನಾಗಿದೆ ಅಂತ ಸಿಕ್ಕಿದ ಕೆರೆಗೆ ಇಳೀಬೇಡಿ. ನಮ್ಮ ಕಡೆ ಬಹಳಷ್ಟು ಕೆರೆಗಳ ಮೀನು ಹಕ್ಕು ಸಂಘಕ್ಕೋ ಗುತ್ತಿಗೆದಾರರಿಗೋ ಆಗಿರುತ್ತೆ, ಕೇಳಿ ಹೋಗಿ. ನಾನು ಕೇಳಿದ ಕಡೆಯೆಲ್ಲ ಕೊರಮೀನಿಗೆ ಅಂದ್ರೆ ಖುಷಿಯಾಗಿ ಬಿಟ್ಟಿದಾರೆ, ಅವರು ಬಿಟ್ಟ ಕಾಟ್ಲಾ ಮರಿ ತಿನ್ನೋ ಕಳ್ಳ ಅದು.

ಇನ್ನೊಂದು, ನೀರ ಮೇಲೆ ಕೆಂಪು ಮರಿಗಳ ಗುಂಪು ಕುದಿಯೋ ಹಾಗೆ ಕಂಡ್ರೆ ಅಲ್ಲಿ ಎಸೀಬೇಡಿ. ಕೆಳಗೆ ಅಪ್ಪ ಅಮ್ಮ ಕಾವಲಿರ್ತವೆ. ಹಸಿವಿಗಲ್ಲ, ಕೋಪಕ್ಕೆ ಕಚ್ಚುತ್ತವೆ. ಅವನ್ನ ಹಿಡಿದ್ರೆ ಮರಿಗಳನ್ನ ಅರ್ಧ ಗಂಟೇಲಿ ಜಿಲೇಬಿ ಮೀನು ಮುಗಿಸುತ್ತೆ.

ಕೋಡಿಬಿದ್ದಕೆರೆ

ಭಾನುವಾರ ಆಯ್ತು ಕೆಲಸ!

ಬೆಳಗ್ಗೆ ಆರೂಮುಕ್ಕಾಲು. ಮೊದಲು ಸಿಲ್ವರ್ ಓಕ್ ಪೆನ್ಸಿಲ್ ಎಸೆದೆ, ದೂರ ಹೋಗೋದು ಅದೇ. ಎರಡು ಸಲ ಮೀನು ಹಿಂದೆ ಬಂತು, ಕಚ್ಚಲಿಲ್ಲ. ಜಾಲಿ ಬುಡದಲ್ಲಿ ಕೊರಮೀನು ಗಾಳಿ ಕುಡಿಯೋಕೆ ಮೇಲೆ ಬಂದು ಗುಳುಕ್ ಅಂತ ಸದ್ದು ಮಾಡ್ತು. ಕತ್ತಾಳೇದು ಕಟ್ಟಿ ಅದರ ಆಚೆ ಎಸೆದು ನಿಧಾನಕ್ಕೆ ಎಳೆದೆ. ಎಳೆಯೋದು ನಿಲ್ಲಿಸಿದ್ರೆ ಮೂತಿ ಮೇಲೆತ್ತಿಕೊಂಡು ತೇಲಿ ಬರುತ್ತೆ, ಹೆಬ್ಬೇವಿಂದು ಅಷ್ಟು ಬೇಗ ಬರಲ್ಲ. ಆ ತೇಲಿ ಬರೋ ಹೊತ್ತಿಗೇ ಹೊಡೀತು.

ತೂಕ ಹಾಕಲಿಲ್ಲ, ಮೊಣಕೈಯಿಂದ ಬೆರಳ ತುದಿ ದಾಟಿತ್ತು. ತಂತಿ ಜಗ್ಗಲಿಲ್ಲ. ಆದ್ರೆ ಲ್ಯೂರ್ ಮೈ ನೋಡಿ, ಫೋಟೊ ಹಾಕಿದೀನಿ. ಹಲ್ಲಿನ ಗುರುತು ಎಪಾಕ್ಸಿ ದಾಟಿ ಬೆಂಡಿಗೆ ಇಳಿದಿದೆ, ಐದಾರು ತೂತು. ಹಂಗೇ ಮತ್ತೆ ಎಸೆದಿದ್ರೆ ನೀರು ಕುಡೀತಿತ್ತು. ಮನೆಗೆ ಬಂದು ಎರಡು ದಿನ ಒಣಗಿಸಿ, ತೂತಿಗೆ ಅರಾಲ್ಡೈಟ್ ತುಂಬಿದೀನಿ. ಸಿಲ್ವರ್ ಓಕ್ ಆಗಿದ್ರೆ ಗೀರು ಬೀಳ್ತಿತ್ತು ಅಷ್ಟೇ. ಹಾಗಾಗಿ ಡಬ್ಬಿಯಲ್ಲಿ ಎರಡೂ ಇರುತ್ತೆ. ಉಳಿಬಾಚಿ ಅಣ್ಣಂಗೂ ಬೇಜಾರಿಲ್ಲ, ಮೇಷ್ಟ್ರಿಗೂ ಬೇಜಾರಿಲ್ಲ.

ಉಳಿಬಾಚಿ

ಬೆಂಡಿನ ಮೇಲೆ ಕತ್ತಾಳೆಯ ಗಟ್ಟಿ ಸಿಪ್ಪೆ ಒಂದು ಪಟ್ಟಿ ಬೆನ್ನಿಗೆ ಉಳಿಸಿಕೊಂಡು ಕೆತ್ತಿ ನೋಡಿ. ಮೇಲಿನ ಹಲ್ಲು ಬೀಳೋದು ಅಲ್ಲೇ. ಬೆನ್ನು ಭಾರ ಆಗೋದಕ್ಕೆ ಸೀಸ ಒಂದು ಗ್ರಾಂ ಜಾಸ್ತಿ ಇಡಬೇಕಾಗುತ್ತೆ. ನಾನೂ ಈ ವಾರ ಒಂದು ಗಳ ತರ್ತೀನಿ. ಹೇಳಿಬಿಟ್ಟೆ, ಇನ್ನು ಮೇಷ್ಟ್ರು ನಗಬಹುದು.

ಬೆಂಡುಬಿರಡೆ

ನಕ್ಕೆ.

ಮುಳಬಾಗ್ಲುಹುಡ್ಗ

ಅಣ್ಣಾ, ಕತ್ತಾಳೇದು ನಂಗೂ ಒಂದು ಕೆತ್ತಿಕೊಡ್ತೀರಾ?

ಕೋಡಿಬಿದ್ದಕೆರೆ

ನಿನ್ನ ರಬ್ಬರ್ ಕಪ್ಪೆ ಏನಾಯ್ತು?

ಮುಳಬಾಗ್ಲುಹುಡ್ಗ

ಎರಡೂ ಹಿಂಗಾಲು ಕಿತ್ಕೊಂಡು ಹೋಯ್ತಣ್ಣ.

ಕೋಡಿಬಿದ್ದಕೆರೆ

ಗಳ ನೀನೇ ತಾ. ಬೂದಿ ಬಣ್ಣದ್ದು, ಬೆರಳಲ್ಲಿ ತಟ್ಟಿದ್ರೆ ಟೊಳ್ಳು ಡಬ್ಬಿ ಥರ ಸದ್ದು ಬರಬೇಕು. ಬುಡದ ಕಡೆ ಬೇಡ, ನಡುಭಾಗದ್ದು ಒಂದು ಮೊಳ ಸಾಕು. ತುಂಬು ತೋಳಿನ ಅಂಗಿ ಹಾಕ್ಕೊಂಡು ಹೋಗು, ಎಲೆ ತುದಿ ಮುಳ್ಳು ಕಣ್ಣಿನ ಮಟ್ಟಕ್ಕೇ ಇರುತ್ತೆ.